ತಟ್ಟೆಯ ಪಕ್ಕ ಕೂತ ಸಿಸ್ಟರ್

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ, ಊಟ ಬಿಡುತ್ತಾ ಬಿಡುತ್ತಾ ಕೊನೆಗೆ ಆಸ್ಪತ್ರೆ ಸೇರಿದ ಹುಡುಗಿಯೊಬ್ಬಳ ವಿಷಯ ನಾಲ್ಕು ಸಾಲು ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳನ್ನು ಓದಿ ಮುಗಿಸಲು ಮೂರು ರಾತ್ರಿ ಹಿಡಿಯಿತು. ಇಷ್ಟೊಂದು ಮನೆಗಳಲ್ಲಿ ಈ ಊಟದ ಕಾಯಿಲೆ, ಡಾಕ್ಟರು ಈಟಿಂಗ್ ಡಿಸಾರ್ಡರ್ ಎನ್ನುವುದು, ಇದೆ, ಬಾಯಿ ಬಿಟ್ಟು ಹೇಳಿಕೊಂಡವರಿಲ್ಲ. 31 ವರ್ಷ ನರ್ಸ್ ಆಗಿದ್ದೆ, ಅದರಲ್ಲಿ 19 ವರ್ಷ ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲೇ ಕಳೆದೆ. ಗೊತ್ತಿರುವುದನ್ನು ಹೇಳುತ್ತೇನೆ. ಈ ಸಲ ಅಂಕಣ ಪೂರ್ತಿ ಇದಕ್ಕೇ.

ಒಂದು ಮಾತು ಮೊದಲೇ. ಪತ್ರಗಳಲ್ಲಿ ಮಕ್ಕಳ ತೂಕ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ದಿನಕ್ಕೆ ಎಷ್ಟು ಚಪಾತಿ, ಎಷ್ಟು ಕ್ಯಾಲರಿ ಎಂದೆಲ್ಲ ಬರೆದಿದ್ದೀರಿ. ಅವನ್ನೆಲ್ಲ ಅಳಿಸಿದ್ದೇನೆ. ಈ ಪುಟವನ್ನು ಕಾಯಿಲೆಯಲ್ಲಿರುವ ಮಗುವೂ ಓದುತ್ತದೆ. ಓದಿ, "ಅವಳಿಗಿಂತ ನಾನು ದಪ್ಪ, ನನಗೇನೂ ಆಗಿಲ್ಲ" ಎಂದುಕೊಳ್ಳುತ್ತದೆ. ಪಕ್ಕದ ಹಾಸಿಗೆಯವಳ ತೂಕದ ಚೀಟಿ ಕದ್ದು ನೋಡಿ ಮಧ್ಯಾಹ್ನದ ಊಟ ಬಿಟ್ಟವರನ್ನು ನಾನೇ ಕಂಡಿದ್ದೇನೆ.

ಪ್ರಶ್ನೆ: ಸಿಸ್ಟರ್ ಅವರಿಗೆ ನಮಸ್ಕಾರ. ಮಗಳು ಮೊದಲ ಪಿಯುಸಿ. ಹತ್ತನೇ ತರಗತಿಯ ರಜೆಯಲ್ಲಿ ಮೊದಲು ಅನ್ನ ಬಿಟ್ಟಳು, ಆಮೇಲೆ ಎಣ್ಣೆ, ಆಮೇಲೆ ಚಪಾತಿ. ಕೇಳಿದರೆ ಹೊಟ್ಟೆ ಉಬ್ಬರ ಎನ್ನುತ್ತಿದ್ದಳು. ಎಂಡೋಸ್ಕೋಪಿ ಆಯಿತು, ಸ್ಕ್ಯಾನ್ ಆಯಿತು, ಹರಕೆ ಹೊತ್ತದ್ದೂ ಆಯಿತು. ತಾನು ತಿನ್ನದಿದ್ದರೂ ತಮ್ಮನಿಗೆ ದಿನಾ ಹೊಸ ಹೊಸ ತಿಂಡಿ ಮಾಡಿ ಬಡಿಸಿ, ಅವನು ತಿಂದು ಮುಗಿಸುವವರೆಗೂ ನೋಡುತ್ತಾ ನಿಲ್ಲುತ್ತಿದ್ದಳು. ಈಗ ಆಸ್ಪತ್ರೆಗೆ ಸೇರಿಸಿ ಆರು ದಿನ. ಅಷ್ಟು ಹಸಿದ ಮಗುವಿಗೆ ಹೊಟ್ಟೆ ತುಂಬ ಹಾಕುವುದು ಬಿಟ್ಟು ಚೂರು ಚೂರೇ ಕೊಡುತ್ತಾರೆ. ನಾನು ಡಬ್ಬಿಯಲ್ಲಿ ತಂದ ತುಪ್ಪದನ್ನ ವಾಪಸ್ ಕಳಿಸಿದರು. ದಿನಾ ರಕ್ತ ತೆಗೆಯುತ್ತಾರೆ. ಊಟ ಆದ ಮೇಲೆ ಒಂದು ಗಂಟೆ ಸಿಸ್ಟರ್ ಪಕ್ಕದಲ್ಲೇ ಕೂರುತ್ತಾರೆ, ಬಾತ್‌ರೂಮಿನ ಬಾಗಿಲು ಪೂರ್ತಿ ಹಾಕಲು ಬಿಡುವುದಿಲ್ಲ. "ಅಮ್ಮ, ಇದು ಜೈಲು" ಎಂದು ಅಳುತ್ತಾಳೆ. ಸೇರಿಸಿ ತಪ್ಪು ಮಾಡಿದೆನಾ?

ಇಲ್ಲ ತಾಯಿ. ನೀವು ತಪ್ಪು ಮಾಡಿಲ್ಲ.

ಆ ತುಪ್ಪದನ್ನದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮಗೆ ಎಲ್ಲಕ್ಕಿಂತ ನೋವಾಗಿರುವುದು ಅಲ್ಲೇ ಎಂದು ಪತ್ರ ಓದಿದರೆ ತಿಳಿಯುತ್ತದೆ. ವಾರಗಟ್ಟಲೆ ಅನ್ನ ಕಾಣದ ದೇಹ ತನ್ನ ಮಾಂಸಖಂಡ, ಕೊಬ್ಬುಗಳನ್ನೇ ಕರಗಿಸಿಕೊಂಡು ಬದುಕಿರುತ್ತದೆ. ಒಳಗೆ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಗಳ ದಾಸ್ತಾನು ಬರಿದಾಗಿದ್ದರೂ ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದೇ ಬರಬಹುದು. ಅಂಥ ದೇಹಕ್ಕೆ ಒಮ್ಮೆಲೇ ಅನ್ನ, ಸಕ್ಕರೆ ಸುರಿದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಉಳಿದಿದ್ದ ಆ ಚೂರುಪಾರು ಲವಣವೂ ಜೀವಕೋಶದೊಳಗೆ ನುಗ್ಗಿಬಿಡುತ್ತದೆ. ಆಗ ಹೃದಯದ ಬಡಿತ ತಪ್ಪುತ್ತದೆ, ಕಾಲು ಊದುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ, ಮಗುವಿಗೆ ಮಂಕು ಕವಿಯುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಬಿಡುಗಡೆಯಾದ, ಹಸಿದು ಒಣಗಿದ್ದ ಸೈನಿಕರಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು. ವೈದ್ಯರು ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಮೊದಲ ವಾರ, ಹತ್ತು ದಿನ ಇದರ ಭಯ ಹೆಚ್ಚು. ದಿನಾ ರಕ್ತ ತೆಗೆಯುವುದು, ಊಟಕ್ಕೆ ಮುಂಚೆ ಥಯಮಿನ್ ಅಂದರೆ ಬಿ1 ಜೀವಸತ್ವ ಕೊಡುವುದು, ಇಸಿಜಿ ತೆಗೆಯುವುದು ಎಲ್ಲ ಇದಕ್ಕೇ. ರಾತ್ರಿ ಎರಡು ಮೂರು ಗಂಟೆಗೆ ಎಬ್ಬಿಸಿ ಬೆರಳು ಚುಚ್ಚಿ ಸಕ್ಕರೆ ನೋಡಿದರೂ ಬೇಸರ ಮಾಡಿಕೊಳ್ಳಬೇಡಿ. ಇಂಥ ಮಕ್ಕಳಿಗೆ ನಿದ್ದೆಯಲ್ಲೇ ಸಕ್ಕರೆ ಅಂಶ ಕುಸಿಯಬಹುದು.

ಆದರೆ ಚೂರು ಚೂರು ಎನ್ನುವುದು ಅಲ್ಲೇ ನಿಲ್ಲಬಾರದು. ವರದಿ ನೋಡಿಕೊಂಡು ದಿನ ಬಿಟ್ಟು ದಿನವಾದರೂ ಏರಿಸುತ್ತಾ ಹೋಗಬೇಕು. ಭಯಕ್ಕೆ ಬಿದ್ದು ಕಮ್ಮಿಯಲ್ಲೇ ಇಟ್ಟರೆ ಮಗು ಇನ್ನಷ್ಟು ಸೊರಗುತ್ತದೆ. "ಇವತ್ತು ಎಷ್ಟು ಏರಿಸಿದ್ದೀರಿ, ಫಾಸ್ಫೇಟ್ ಎಷ್ಟು ಬಂತು" ಎಂದು ಧೈರ್ಯವಾಗಿ ಕೇಳಿ. ಕೇಳುವುದು ಜಗಳವಲ್ಲ.

ತಮ್ಮನಿಗೆ ತಿಂಡಿ ಮಾಡಿ ಬಡಿಸಿ ನೋಡುತ್ತಾ ನಿಲ್ಲುತ್ತಿದ್ದಳು ಎಂದಿದ್ದೀರಲ್ಲ, ಅದನ್ನು ಓದಿ ಕಣ್ಣು ಒದ್ದೆಯಾಯಿತು. ಅದೇ ಹಸಿವು ತಾಯಿ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಗಟ್ಟಿಮುಟ್ಟಾದ 36 ಯುವಕರಿಗೆ ಅವರ ಒಪ್ಪಿಗೆ ಪಡೆದು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಆ ಗಂಡಸರಿಗೆ ಸಣ್ಣಗಾಗುವ ಆಸೆಯೇನೂ ಇರಲಿಲ್ಲ. ಆದರೂ ಅವರು ಅಡುಗೆ ಪುಸ್ತಕ ಕೂಡಿಸತೊಡಗಿದರು, ತಟ್ಟೆಯಲ್ಲಿದ್ದದ್ದನ್ನು ಚೂರು ಮಾಡಿ ಗಂಟೆಗಟ್ಟಲೆ ತಿಂದರು, ಸುಮ್ಮಸುಮ್ಮನೆ ರೇಗಿದರು, ಚಳಿ ಚಳಿ ಎಂದರು, ಮಂಕಾದರು. ನಿಮ್ಮ ಮಗಳಲ್ಲಿ ನೀವು ಹಟ, ಸಿಡುಕು, ವಿಚಿತ್ರ ಎಂದುಕೊಂಡ ಎಷ್ಟೋ ಗುಣ ಬರೀ ಉಪವಾಸದ ಫಲ. ಹೊಟ್ಟೆ ಉಬ್ಬರವೂ ಸುಳ್ಳಲ್ಲ. ತಿನ್ನದೆ ತಿನ್ನದೆ ಜಠರ ನಿಧಾನವಾಗುತ್ತದೆ, ನಾಲ್ಕು ತುತ್ತಿಗೇ ಹೊಟ್ಟೆ ಕಲ್ಲಾದ ಹಾಗೆ ಅನಿಸುತ್ತದೆ. ನಮ್ಮ ಕಡೆ ಎಷ್ಟೋ ಮಕ್ಕಳು "ದಪ್ಪ ಆಗ್ತೀನಿ" ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ಗ್ಯಾಸ್, ಹಸಿವಿಲ್ಲ, ಗಂಟಲಲ್ಲಿ ಇಳಿಯಲ್ಲ ಎನ್ನುತ್ತವೆ. ಅದಕ್ಕೇ ಮನೆಯವರು ಹೊಟ್ಟೆಯ ಡಾಕ್ಟರ ಬಾಗಿಲಲ್ಲೇ ಒಂದು ವರ್ಷ ಕಳೆಯುತ್ತಾರೆ.

ಇನ್ನು ಜೈಲಿನ ಮಾತು. ಊಟವಾದ ಮೇಲಿನ ಒಂದು ಗಂಟೆ ಈ ಕಾಯಿಲೆಯವರಿಗೆ ದಿನದಲ್ಲೇ ಕಷ್ಟದ ಹೊತ್ತು. ತಿಂದದ್ದನ್ನು ಹೇಗಾದರೂ ಹೊರಗೆ ಹಾಕು, ಓಡು, ಕುಣಿ ಎಂದು ತಲೆಯೊಳಗೆ ಒಂದು ದನಿ ಕೂಗುತ್ತಿರುತ್ತದೆ ಎಂದು ಎಷ್ಟೋ ಮಕ್ಕಳು ನನಗೆ ಹೇಳಿದ್ದಾರೆ. ಆ ಹೊತ್ತಿನಲ್ಲಿ ಒಂಟಿಯಾಗಿ ಬಿಡಬಾರದು ಎಂದೇ ಸಿಸ್ಟರ್ ಕೂರುವುದು. ಬಾಗಿಲು ಓರೆ ಮಾಡಿಸುವುದೂ ಅದಕ್ಕೇ. ನಮ್ಮ ವಾರ್ಡಿನಲ್ಲಿ ನಾನು ಬಾತ್‌ರೂಮಿನ ಹೊರಗೆ ಬೆನ್ನು ಹಾಕಿ ನಿಂತು, "ಏನಾದರೂ ಜೋರಾಗಿ ಹೇಳ್ತಾ ಇರು ಕಂದಾ" ಎನ್ನುತ್ತಿದ್ದೆ. ದನಿ ಕೇಳಿಸುತ್ತಿದ್ದರೆ ನನಗೆ ಇಣುಕುವ ಅಗತ್ಯವಿಲ್ಲ, ಅವಳ ಮರ್ಯಾದೆಯೂ ಉಳಿಯುತ್ತದೆ. ಒಬ್ಬಳು ಹದಿನೇಳರ ಮಗ್ಗಿ ಹೇಳುತ್ತಿದ್ದಳು. ಹದಿನೇಳೆಂಟ್ಲ ಬಂದಾಗ ಯಾವಾಗಲೂ ನಿಂತುಬಿಡುತ್ತಿದ್ದಳು. ಸೇರಿದ ನಾಲ್ಕನೇ ವಾರ ಒಂದು ಸಂಜೆ ತಡವರಿಸದೆ "ನೂರ ಮೂವತ್ತಾರು" ಎಂದು ಮುಂದಕ್ಕೆ ಹೋದಳು. ಅವತ್ತಿನ ತೂಕಕ್ಕಿಂತ ಅದೇ ನನಗೆ ದೊಡ್ಡ ಸುದ್ದಿ. ಮಿದುಳಿಗೂ ಅನ್ನ ತಲುಪುತ್ತಿದೆ ಎನಿಸಿತು.

ಇದನ್ನೆಲ್ಲ ಯಾಕೆ ಮಾಡುತ್ತೇವೆ ಎಂದು ಆ ವಾರ್ಡಿನವರು ಮೊದಲ ದಿನವೇ ನಿಮ್ಮನ್ನೂ ಮಗಳನ್ನೂ ಕೂರಿಸಿ ಹೇಳಬೇಕಿತ್ತು. ಹೇಳಿಲ್ಲ ಎಂದರೆ ಅದು ಅವರ ಕೊರತೆಯೇ. ನಾಳೆ ಹೋಗಿ ಕೇಳಿ. "ಜೈಲು" ಎಂದು ಅವಳು ಅತ್ತಾಗ ವಾದ ಮಾಡಬೇಡಿ, ಆಸ್ಪತ್ರೆಯನ್ನು ಬೈಯಲೂಬೇಡಿ. "ಕಷ್ಟ ಆಗ್ತಿದೆ ಅಂತ ಗೊತ್ತು ಪುಟ್ಟಿ, ನಾನು ಇಲ್ಲೇ ಇದ್ದೀನಿ, ಬಿಡಿಸಿಕೊಂಡು ಮಾತ್ರ ಹೋಗಲ್ಲ" ಎನ್ನಿ. ಡಬ್ಬಿಯನ್ನು ತೊಳೆದಿಡಿ. ತುಪ್ಪದನ್ನದ ದಿನ ಬರುತ್ತದೆ, ಡಯಟೀಷಿಯನ್ನೇ ಬರೆದು ಕೇಳುತ್ತಾರೆ.

ಪ್ರಶ್ನೆ: ಮೇಡಂ, ನಾನು ಜಿಲ್ಲಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಎರಡು ವರ್ಷ. ಪೊಟ್ಯಾಸಿಯಂ ಕಮ್ಮಿ ಎಂದು 17ರ ಹುಡುಗಿ ಸೇರಿದ್ದಾಳೆ, ಅನೊರೆಕ್ಸಿಯಾ (ಊಟ ಬಿಟ್ಟು ಸೊರಗುವ ಕಾಯಿಲೆ) ಎಂದು ಸೈಕಿಯಾಟ್ರಿಯವರು ಬರೆದು ಹೋಗಿದ್ದಾರೆ. ನಮಗೆ ಕಾಲೇಜಿನಲ್ಲಿ ಈ ಪಾಠ ಅರ್ಧ ಪುಟ ಇತ್ತು. ಮೊನ್ನೆ ದಿಂಬಿನ ಕವರ್ ಬದಲಿಸುವಾಗ ಒಳಗೆ ಮೂರು ಇಡ್ಲಿ ಸಿಕ್ಕವು. ಎಲ್ಲರ ಎದುರು ಬೈದುಬಿಟ್ಟೆ. ಅವತ್ತಿನಿಂದ ನನ್ನ ಮುಖ ನೋಡುತ್ತಿಲ್ಲ. ತೂಕದ ಮಷೀನು ಏರಿಕೆ ತೋರಿಸುತ್ತಿದೆ, ಅವಳ ಮುಖ ನೋಡಿದರೆ ನಂಬಿಕೆ ಬರುವುದಿಲ್ಲ. ನಾನು ಏನು ಮಾಡಬೇಕು?

ಮೊದಲು ಹೋಗಿ ಕ್ಷಮೆ ಕೇಳಮ್ಮ. ಒಬ್ಬಳೇ ಇದ್ದಾಗ, ಸ್ಟೂಲ್ ಎಳೆದುಕೊಂಡು ಕೂತು. ನಿಂತುಕೊಂಡು ಕೇಳಬೇಡ. "ಎಲ್ಲರ ಮುಂದೆ ಹಾಗೆ ಮಾತಾಡಬಾರದಿತ್ತು. ಇಡ್ಲಿ ಬಚ್ಚಿಡೋವಷ್ಟು ಭಯ ಇದೆ ಅಂತ ನನಗೆ ಅರ್ಥ ಆಗಿರಲಿಲ್ಲ" ಅಷ್ಟು ಸಾಕು.

ಆಮೇಲೆ ಆ ತೂಕ. ನಿನ್ನ ಅನುಮಾನವೇ ಸರಿ. ನನ್ನ ಅನುಭವ ಹೇಳುತ್ತೇನೆ, ಇಲ್ಲಿಯವರೆಗೆ ಬರೆದಿಲ್ಲ. ಈ ಕೆಲಸಕ್ಕೆ ಬಂದ ಹೊಸತು. ಕಾಲೇಜು ಹುಡುಗಿಯೊಬ್ಬಳು ನನ್ನ ಪಾಳಿಯಲ್ಲಿದ್ದಳು. ಮಾತಿನಲ್ಲಿ ಬಹಳ ನಯ, ಹೇಳಿದ್ದೆಲ್ಲ ಕೇಳುವವಳು. ವಾರಕ್ಕೆರಡು ಸಲ ತೂಕ. ಒಂದು ಬೆಳಿಗ್ಗೆ ಚೆನ್ನಾಗಿ ಏರಿತ್ತು. ನಾನು ಚಾರ್ಟಿನಲ್ಲಿ ಬರೆದು, ಖುಷಿಗೆ ಕೆಂಪು ಪೆನ್ನಿನಲ್ಲಿ ಸುತ್ತ ಒಂದು ಗೆರೆ ಎಳೆದೆ. ಮಧ್ಯಾಹ್ನ ಅವಳಿಗೆ ಫಿಟ್ಸ್ ಬಂತು. ತೂಕಕ್ಕೆ ಮುಂಚೆ ನಲ್ಲಿಗೆ ಬಾಯಿ ಇಟ್ಟು ಹೊಟ್ಟೆ ಬಿರಿಯುವಷ್ಟು ನೀರು ಕುಡಿದಿದ್ದಳು, ರಕ್ತದ ಸೋಡಿಯಂ ಪಾತಾಳಕ್ಕೆ ಇಳಿದಿತ್ತು. ಬದುಕಿಕೊಂಡಳು. ಆ ಕೆಂಪು ಗೆರೆಯ ಪುಟ ನನ್ನ ಕಣ್ಣಮುಂದೆ ಈಗಲೂ ಇದೆ. ಅವಳು ನನಗೆ ಮೋಸ ಮಾಡಿದಳು ಎಂದು ಆಗ ಅನಿಸಿತ್ತು. ನನ್ನ ಆ ಖುಷಿಯನ್ನು ಕೆಡಿಸಬಾರದು ಎಂಬ ಭಯವೂ ಅವಳನ್ನು ನಲ್ಲಿಯ ಹತ್ತಿರ ಒಯ್ದಿತ್ತು ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು.

ಹಾಗಾಗಿ ತೂಕ ಹೀಗೆ ತೆಗೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ. ಅದೇ ಮಷೀನು, ಆಸ್ಪತ್ರೆಯ ತೆಳು ಗೌನು, ಜೇಬು ಇಲ್ಲದ್ದು. ಬಳೆ, ಬೆಲ್ಟು, ಕಟ್ಟಿದ ಜಡೆಯೊಳಗೂ ಒಮ್ಮೆ ಗಮನ ಇರಲಿ. ಅನುಮಾನ ಇದ್ದರೆ ಮೂತ್ರದ ಸಾಂದ್ರತೆ ನೋಡಿಸು, ನೀರು ಕುಡಿದಿದ್ದರೆ ಅದು ಹೇಳಿಬಿಡುತ್ತದೆ. ಅವಳನ್ನು ಮಷೀನಿಗೆ ಬೆನ್ನು ಹಾಕಿ ನಿಲ್ಲಿಸಬೇಕೋ, ಅಂಕಿ ತಿಳಿಸಬೇಕೋ ಎಂಬುದನ್ನು ಸೈಕಿಯಾಟ್ರಿಯವರನ್ನು ಕೇಳಿ ಒಂದೇ ಕ್ರಮ ಇಟ್ಟುಕೋ. ಏರಿದರೂ ಇಳಿದರೂ ನಿನ್ನ ಮುಖ ಒಂದೇ ತರಹ ಇರಲಿ. "ಭೇಷ್" ಎನ್ನಬೇಡ. "ಚೆನ್ನಾಗಿ ಕಾಣ್ತೀಯ", "ಮೈ ಕೈ ತುಂಬ್ಕೊಂಡಿದೆ" ಎಂಬ ಮಾತುಗಳಂತೂ ಬೇಡವೇ ಬೇಡ. ಅವಳ ಕಿವಿಗೆ ಅವು "ದಪ್ಪ ಆಗಿದ್ದೀಯ" ಎಂದೇ ಬೀಳುತ್ತವೆ.

ಮಷೀನಿಗಿಂತ ನಿನ್ನ ಕೈ ಕಣ್ಣು ನಂಬು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸು. ಹಗಲಲ್ಲಿ ಎಚ್ಚರ ಇರುವಾಗಲೇ 50ಕ್ಕಿಂತ ಕಮ್ಮಿ ಇದ್ದರೆ ಡ್ಯೂಟಿ ಡಾಕ್ಟರಿಗೆ ಹೇಳಲೇಬೇಕು. "ಅವಳು ಯಾವಾಗಲೂ ಹಾಗೇ" ಎಂದು ಬಿಡುವ ಹಾಗಿಲ್ಲ. ಮಲಗಿದ್ದಾಗ ಬಿ.ಪಿ., ನಾಡಿ ನೋಡಿ, ನಿಂತ ಮೇಲೆ ಮತ್ತೆ ನೋಡು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಿಸಿ, ಕೈ ಊರದೆ ಏಳಲು ಹೇಳು, ಬೀಳದ ಹಾಗೆ ನೀನು ಪಕ್ಕದಲ್ಲಿರು. ಏಳಲಾಗದಿದ್ದರೆ ಸ್ನಾಯು ಸೋತಿದೆ ಎಂದು ಅರ್ಥ. (ಇದನ್ನು ಓದುತ್ತಿರುವ ಅಮ್ಮಂದಿರು ಗಮನಿಸಿ. ಚಾಪೆಯಿಂದ ಏಳುವಾಗ ಹದಿಹರೆಯದ ಮಗು ಗೋಡೆ ಹಿಡಿಯುತ್ತಿದ್ದರೆ ಸುಮ್ಮನಿರಬೇಡಿ.) ಕೈ ತಣ್ಣಗಿದೆಯಾ, ತೋಳಿನ ಮೇಲೆ ಹಸುಗೂಸಿನ ಹಾಗೆ ನವಿರು ಕೂದಲು ಬಂದಿದೆಯಾ, ಬೆನ್ನುಮೂಳೆಯ ಮೇಲೆ ಚರ್ಮ ಕೆಂಪಾಗಿದೆಯಾ, ಸ್ನಾನ ಮಾಡಿಸುವ ನೆಪದಲ್ಲಿ ನೋಡು. ಬೆರಳ ಗೆಣ್ಣಿನ ಮೇಲೆ ಗಾಯದ ಗಟ್ಟಿ ಗುರುತು ಇದ್ದರೆ ಅವಳು ವಾಂತಿಯನ್ನೂ ಮಾಡಿಕೊಳ್ಳುತ್ತಿರಬಹುದು. ತಡೆಯಲಾಗದೆ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆಗೆ 1979ರಲ್ಲಿ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟು ಬರೆದ ವೈದ್ಯ ಜೆರಾಲ್ಡ್ ರಸೆಲ್ ಈ ಗುರುತನ್ನು ಹೇಳಿದ್ದರು, ಅದಕ್ಕೆ ಅವರ ಹೆಸರೇ ನಿಂತಿದೆ.

ಇನ್ನೊಂದು, ಮೆಡಿಸಿನ್ ವಾರ್ಡಿನಲ್ಲಿ ಎಲ್ಲಕ್ಕಿಂತ ಮುಖ್ಯ. ಸುಸ್ತು ಎಂದು ಬಂದವರಿಗೆಲ್ಲ ಗ್ಲೂಕೋಸ್ ಡ್ರಿಪ್ ಏರಿಸುವುದು ನಮ್ಮ ಆಸ್ಪತ್ರೆಗಳಲ್ಲಿ ಅಭ್ಯಾಸ. ಇವಳಿಗೆ ಹಾಗೆ ಏರಿಸುವ ಮುಂಚೆ "ಥಯಮಿನ್ ಆಯಿತಾ ಸರ್, ಫಾಸ್ಫೇಟ್ ನೋಡಿದ್ದೀರಾ" ಎಂದು ಕೇಳು. ಯಾಕೆ ಎಂದು ಮೇಲಿನ ಅಮ್ಮನಿಗೆ ಬರೆದಿದ್ದೇನೆ. ಎರಡು ವರ್ಷದ ಸರ್ವೀಸಿನವಳು ಡಾಕ್ಟರನ್ನು ಕೇಳುವುದು ಹೇಗೆ ಎಂದು ಹಿಂಜರಿಯಬೇಡ. ಕೇಳಿದ್ದಕ್ಕೆ ಯಾರೂ ಸತ್ತಿಲ್ಲ.

ಊಟದ ಹೊತ್ತು. ಇಲ್ಲಿ ನೀನೇ ಔಷಧಿ. ತಟ್ಟೆ ಇಟ್ಟು ಹೋಗಿ ಅರ್ಧ ಗಂಟೆ ಬಿಟ್ಟು ಖಾಲಿ ತಟ್ಟೆ ತೆಗೆದುಕೊಂಡು ಬಂದರೆ ಇಡ್ಲಿ ದಿಂಬಿಗೇ ಹೋಗುವುದು. ಪಕ್ಕದಲ್ಲಿ ಕೂರು. ಸಾಧ್ಯವಾದರೆ ನೀನೂ ಏನಾದರೂ ತಿನ್ನು. ಊಟಕ್ಕೆ ಅರ್ಧ ಗಂಟೆ, ನಡುವಿನ ತಿಂಡಿಗೆ ಕಾಲು ಗಂಟೆ ಎಂದು ಮೊದಲೇ ಹೇಳು. ಊಟದ ಬಗ್ಗೆ, ಮೈಯ ಬಗ್ಗೆ ಮಾತು ಬೇಡ. ಸೀರಿಯಲ್ಲು, ಕಾಲೇಜು, ಅವಳ ಊರಿನ ಜಾತ್ರೆ, ಏನಾದರೂ ಸರಿ. ಅವಳ ಕೈ ನಿಂತಾಗ ಮೆತ್ತಗೆ, "ಮುಂದಿನ ತುತ್ತು ತಗೋ" ಅಷ್ಟೇ. "ಅಪ್ಪ ಅಮ್ಮನ ಮುಖ ನೋಡು, ದೇಶದಲ್ಲಿ ಎಷ್ಟು ಜನಕ್ಕೆ ಅನ್ನ ಇಲ್ಲ" ಎನ್ನಬೇಡ. ತಪ್ಪು ಮಾಡುತ್ತಿದ್ದೇನೆ ಎಂಬ ಭಾರ ಅವಳ ತಲೆ ಮೇಲೆ ಆಗಲೇ ಬೇಕಾದಷ್ಟಿದೆ. ಚೌಕಾಸಿಗೂ ಇಳಿಯಬೇಡ. ಎರಡು ಇಡ್ಲಿ ಬರೆದಿದ್ದರೆ ಎರಡೇ, ಒಂದೂವರೆ ಆಗುವುದಿಲ್ಲ. ಮುಗಿಸಲು ಆಗಲಿಲ್ಲವೆಂದರೆ ಡಯಟೀಷಿಯನ್ ಬರೆದ ಪೌಷ್ಟಿಕ ಪಾನೀಯ ಕೊಡು, ಶಿಕ್ಷೆಯ ದನಿ ಇರದೆ. ಒಂದು ವಾರ ಅವಳು ನಿನ್ನನ್ನು ದ್ವೇಷಿಸಬಹುದು. ಅದು ಅವಳಲ್ಲ, ಕಾಯಿಲೆ ಮಾತಾಡುತ್ತಿದೆ ಎಂದು ಪ್ರತಿ ಪಾಳಿಗೂ ನಿನಗೆ ನೀನೇ ಹೇಳಿಕೊಳ್ಳಬೇಕಾಗುತ್ತದೆ.

ಜೊತೆಯವರನ್ನೂ ಕೂರಿಸಿ ಮಾತಾಡು. "ನೈಟ್ ಸಿಸ್ಟರ್ ಬಿಡ್ತಾರೆ, ನೀವು ಮಾತ್ರ ಸ್ಟ್ರಿಕ್ಟು" ಎಂಬ ಮಾತು ಬಂದೇ ಬರುತ್ತದೆ. ಮೂರು ಪಾಳಿಯಲ್ಲೂ ನಿಯಮ ಒಂದೇ ಇರಬೇಕು, ಹ್ಯಾಂಡೋವರ್ ಪುಸ್ತಕದಲ್ಲಿ ಬರೆದಿರಬೇಕು. ಆಮೇಲೆ, ನರ್ಸಿಂಗ್ ಸ್ಟೇಷನ್ನಿನಲ್ಲಿ ನಾವು ಕೂತು "ನಾನು ರಾತ್ರಿ ಬರೀ ಸೌತೆಕಾಯಿ ಕಣೇ, ಮದುವೆ ಇದೆ" ಎಂದು ಆಡುವ ಮಾತು ಆರನೇ ಹಾಸಿಗೆಗೆ ಕೇಳಿಸುತ್ತದೆ. ನಾವು ಒಂದು ತಿಂಗಳು ಆ ಮಾತೇ ಆಡಬಾರದು ಎಂದು ಕಟ್ಟು ಮಾಡಿಕೊಂಡಿದ್ದೆವು. ಎಷ್ಟು ಕಷ್ಟವಾಯಿತೆಂದರೆ, ಹೆಂಗಸರು ನಾವು ದಿನಕ್ಕೆ ಎಷ್ಟು ಸಲ ನಮ್ಮ ಮೈಯನ್ನು ನಾವೇ ಬೈದುಕೊಳ್ಳುತ್ತೇವೆ ಎಂದು ಆಗಲೇ ಗೊತ್ತಾದದ್ದು.

ಪ್ರಶ್ನೆ: ಅಕ್ಕಾ, ವಯಸ್ಸು 23, ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಮಾಡುತ್ತೇನೆ. ಹಗಲೆಲ್ಲ ಏನೂ ತಿನ್ನುವುದಿಲ್ಲ. ರಾತ್ರಿ ನಿಲ್ಲಿಸಲಾಗದ ಹಾಗೆ ತಿಂದು, ಆಮೇಲೆ ವಾಂತಿ ಮಾಡುತ್ತೇನೆ. ಎರಡು ವರ್ಷವಾಯಿತು. ಹಲ್ಲು ಜುಮ್ಮೆನ್ನುತ್ತದೆ, ಕಿವಿಯ ಕೆಳಗೆ ಊದಿಕೊಂಡಿದೆ. ನನ್ನ ತೂಕ ಸರಿಯಾಗೇ ಇದೆ, ಹಾಗಾಗಿ ಯಾರೂ ನಂಬುವುದಿಲ್ಲ. ಆಸ್ಪತ್ರೆಗೆ ಹೋದರೆ ಮನೆಗೆ ತಿಳಿಸುತ್ತಾರಾ? ಗಂಡು ನೋಡುತ್ತಿದ್ದಾರೆ.

ನಾನು ನಂಬುತ್ತೇನೆ ತಂಗಿ. ಬುಲಿಮಿಯಾ ಎಂಬ ಈ ಕಾಯಿಲೆಯವರಲ್ಲಿ ಹೆಚ್ಚಿನವರ ತೂಕ ನೋಡುವವರಿಗೆ ಸರಿಯಾಗಿಯೇ ಕಾಣುತ್ತದೆ.

ನಿನಗೆ 18 ದಾಟಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ನಿನ್ನ ಕಾಯಿಲೆಯ ವಿಷಯ ಗುಟ್ಟಾಗಿಡುವುದು ಡಾಕ್ಟರ, ನರ್ಸುಗಳ ಹೊಣೆ. ಜೀವಕ್ಕೆ ಅಪಾಯ ಎಂಬಂಥ ಕೆಲವು ಸಂದರ್ಭ ಬಿಟ್ಟರೆ ನಿನ್ನ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಮೊದಲ ಭೇಟಿಯಲ್ಲೇ "ಮನೆಗೆ ಹೇಳಬಾರದು" ಎಂದು ಕೇಳಿಕೋ, ಬರೆಸು. ಆಸ್ಪತ್ರೆಗೆ ಕಾಲಿಡುವ ಧೈರ್ಯ ಇವತ್ತು ಇಲ್ಲವೆಂದರೆ 14416ಕ್ಕೆ ಫೋನ್ ಮಾಡು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳದಿದ್ದರೂ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ವೈದ್ಯರು ಸಿಗುತ್ತಾರೆ.

ಈ ವಾರವೇ ಮಾಡಬೇಕಾದದ್ದು ರಕ್ತದ ಪೊಟ್ಯಾಸಿಯಂ ಮತ್ತು ಇಸಿಜಿ. ವಾಂತಿಯ ಜೊತೆ ಪೊಟ್ಯಾಸಿಯಂ ಹೋಗುತ್ತದೆ, ಅದು ತೀರ ಇಳಿದರೆ ಹೃದಯ ಮುನ್ಸೂಚನೆ ಇಲ್ಲದೆ ತಾಳ ತಪ್ಪುತ್ತದೆ. ಎದೆ ಡವಗುಟ್ಟಿದರೆ, ಕಣ್ಣು ಕತ್ತಲಾದರೆ, ಸ್ನಾಯು ಹಿಡಿದುಕೊಂಡರೆ, ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗು. ಹಲ್ಲಿಗೆ, ವಾಂತಿಯಾದ ಕೂಡಲೇ ಬ್ರಷ್ ಮಾಡಬೇಡ. ಆಮ್ಲ ತಾಗಿ ಮೆತ್ತಗಾದ ಹಲ್ಲಿನ ಮೇಲ್ಪದರವನ್ನು ಬ್ರಷ್ಷೇ ಕೆರೆದು ತೆಗೆಯುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸು, ಬ್ರಷ್ ಮಾಡಲು ಒಂದು ಗಂಟೆಯಾದರೂ ಹೋಗಲಿ.

ನಿನ್ನ ಪತ್ರದಲ್ಲಿ ಕಾಯಿಲೆಯ ಕೀಲಿ ನೀನೇ ಬರೆದಿದ್ದೀಯ. ಹಗಲೆಲ್ಲ ತಿನ್ನುವುದಿಲ್ಲ ಎಂದಿದ್ದೀಯಲ್ಲ, ಅದು. ರಾತ್ರಿಯದು ನಿನ್ನ ಮನೋಬಲ ಇಲ್ಲದ್ದಲ್ಲ, ಹಗಲಿನ ಉಪವಾಸ ರಾತ್ರಿ ವಸೂಲಿಗೆ ಬರುತ್ತದೆ. ಚಿಕಿತ್ಸೆಯಲ್ಲಿ ಮೊದಲು ಹೇಳಿಕೊಡುವುದೇ ಹೊತ್ತಿಗೆ ಸರಿಯಾಗಿ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ. ನಾಳೆ ಬೆಳಿಗ್ಗೆ ಪಿ.ಜಿ.ಯಲ್ಲಿ ಕೊಡುವ ಉಪ್ಪಿಟ್ಟು ತಿಂದು ಹೋಗು. ಬುಲಿಮಿಯಾಕ್ಕೆ ಒಳ್ಳೆಯ ಮಾತಿನ ಚಿಕಿತ್ಸೆ ಇದೆ, ಕೆಲವರಿಗೆ ಮಾತ್ರೆಯೂ ಕೆಲಸ ಮಾಡುತ್ತದೆ. ವಾಸಿಯಾದವರನ್ನು ನಾನು ನೋಡಿದ್ದೇನೆ, ಅವರ ಮದುವೆ ಊಟಕ್ಕೂ ಹೋಗಿ ಬಂದಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 19. ಜಿಮ್ ಹುಚ್ಚಿನಲ್ಲಿ ಅನ್ನ ಬಿಟ್ಟು ಕೋಳಿಮೊಟ್ಟೆಯ ಬಿಳಿ, ಪೌಡರು ಎಂದು ಶುರುವಾಗಿ ಈಗ ಮೂಳೆ ಕಾಣುತ್ತಿದೆ. ಡಾಕ್ಟರು ಈಟಿಂಗ್ ಡಿಸಾರ್ಡರ್ ಎಂದರು. ಅದು ಹುಡುಗಿಯರ ಕಾಯಿಲೆ ಎಂದು ನೆಂಟರು ನಗುತ್ತಾರೆ. ಆಸ್ಪತ್ರೆಗೆ ಸೇರಿಸಿದರೆ ವಿಮೆ ಸಿಗುತ್ತದೆಯೇ?

1689ರಲ್ಲಿ ರಿಚರ್ಡ್ ಮಾರ್ಟನ್ ಎಂಬ ಇಂಗ್ಲಿಷ್ ವೈದ್ಯರು ಈ ತರಹದ ಇಬ್ಬರು ರೋಗಿಗಳ ವಿಷಯ ಬರೆದಿಟ್ಟಿದ್ದಾರೆ. ಅವರಲ್ಲೊಬ್ಬ 16ರ ಹುಡುಗ. ನೆಂಟರಿಗೆ ಇದನ್ನು ಹೇಳಿ, ನಕ್ಕರೆ ನಗಲಿ. ನಗುವಿನಿಂದಾಗಿಯೇ ಗಂಡುಮಕ್ಕಳು ತಡವಾಗಿ, ಇನ್ನೂ ಕೆಟ್ಟ ಸ್ಥಿತಿಯಲ್ಲಿ ನಮ್ಮ ಹತ್ತಿರ ಬರುತ್ತಿದ್ದರು. ವಿಮೆಯ ಮಾತು: ಮೇಲೆ ಹೇಳಿದ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು ಅದರಲ್ಲಿದೆ. ನಿಮ್ಮ ಪಾಲಿಸಿಯ ಕಾಗದ ತೆಗೆದು ಷರತ್ತುಗಳನ್ನು ಓದಿ, ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಜಿಮ್ಮಿಗೆ ಸದ್ಯ ರಜೆ. ಮೂಳೆ ಕಾಣುವ ಹುಡುಗ ಓಡುವ ಯಂತ್ರದ ಮೇಲೆ ಹತ್ತುವುದು ಅವನ ಹೃದಯಕ್ಕೆ ಅಪಾಯ.

ಪ್ರಶ್ನೆ: ಮಗಳೇ, ನನ್ನ ಕಣ್ಣು ಮಂದ, ಪಕ್ಕದ ಮನೆ ಹುಡುಗನ ಕೈಲಿ ಬರೆಸುತ್ತಿದ್ದೇನೆ. ಮೊಮ್ಮಗಳು ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿದ್ದು ಯುಗಾದಿಗೆ ನಮ್ಮಲ್ಲಿಗೆ ಬರುತ್ತಾಳೆ. ಅವಳ ತಾಯಿ "ಏನೂ ಮಾತಾಡಬೇಡ" ಎಂದು ಹೆದರಿಸಿದ್ದಾಳೆ. ಹಬ್ಬದಲ್ಲಿ ಊಟದ ಮಾತು ಬಿಟ್ಟು ಏನು ಮಾತಾಡಲಿ? ಸಂಕಷ್ಟಿ ಹಿಡಿಯುತ್ತೇನೆ ಅಂತಲೂ ಫೋನಿನಲ್ಲಿ ಅಂದಳು. ದೇವರ ಕೆಲಸ ಬೇಡ ಅನ್ನಲಾ?

ಅಜ್ಜಿ, ನಿಮಗೆ ನಮಸ್ಕಾರ. ಸಂಕಷ್ಟಿ ಬೇಡ ಎನ್ನಿ, ನಿಮ್ಮ ಬಾಯಲ್ಲಿ ಬಂದರೆ ಅವಳು ಕೇಳುತ್ತಾಳೆ. ಸಂಕಷ್ಟಿಯ ಉಪವಾಸ ಚಂದ್ರ ಕಂಡ ಮೇಲೆ ಮುಗಿಯುತ್ತದೆ. ಇವಳ ಕಾಯಿಲೆಯ ಉಪವಾಸಕ್ಕೆ ಚಂದ್ರ ಹುಟ್ಟುವುದೇ ಇಲ್ಲ, ಹಿಂದೆಯೂ ವ್ರತದ ಹೆಸರಲ್ಲೇ ಶುರು ಮಾಡಿರಬಹುದು. ಕಾಯಿಲೆಯವರು ಉಪವಾಸ ಮಾಡಬೇಕಿಲ್ಲ ಎಂದು ನಿಮ್ಮ ಹಿರಿಯರೇ ಹೇಳಿರುತ್ತಾರೆ. ಅವಳ ಕೈಯಲ್ಲಿ ಗರಿಕೆ ಕೀಳಿಸಿ, ಗಣಪತಿಗೆ ಏರಿಸಿ, ಇಬ್ಬರೂ ಊಟಕ್ಕೆ ಕೂರಿ. ನಿಮ್ಮ ಉಪವಾಸವನ್ನೂ ಕೆಲವು ತಿಂಗಳು ತಡೆಯಿರಿ.

ಅವಳು ಬಂದಾಗ ಬಾಗಿಲಲ್ಲಿ "ಎಷ್ಟು ಸೊರಗಿದ್ದೀಯೇ" ಎನ್ನಬೇಡಿ, "ಈಗ ಕಳೆ ಬಂತು" ಎಂದೂ ಬೇಡ. ಮೈಯ ಸುದ್ದಿಯೇ ಬೇಡ. "ಬಂದ್ಯಾ, ನಿನ್ನೇ ಕಾಯ್ತಿದ್ದೆ" ಎನ್ನಿ. ಹಬ್ಬಕ್ಕೆ ಬಂದ ನೆಂಟರಿಗೂ ಇದನ್ನು ಮೊದಲೇ ಹೇಳಿಡಿ, ನಿಮ್ಮ ಮಾತನ್ನು ಯಾರೂ ಮೀರುವುದಿಲ್ಲ. ಬಡಿಸುವುದು ಅವಳ ತಾಯಿಯ ಕೈಯಲ್ಲಿರಲಿ. ಆಸ್ಪತ್ರೆಯಿಂದ ಒಂದು ಪಟ್ಟಿ ಕೊಟ್ಟಿರುತ್ತಾರೆ, ಅದರಂತೆ ಎಷ್ಟು ಹಾಕಬೇಕೋ ಅಷ್ಟು. ನೀವು ಪ್ರೀತಿಗೆ ಇನ್ನೊಂದು ಹೋಳಿಗೆ ಎಲೆಗೆ ಹಾಕಬೇಡಿ. ಹಾಕಿದ ಹೋಳಿಗೆಯನ್ನು "ಬಿಡು, ಕಷ್ಟ ಆದರೆ" ಎಂದು ತೆಗೆಯಲೂಬೇಡಿ.

ಏನು ಮಾತಾಡಲಿ ಎಂದು ಕೇಳಿದ್ದೀರಿ. ನಿಮ್ಮ ಮದುವೆಯ ಮೆರವಣಿಗೆ, ಹಳೇ ಮನೆಯ ಬಾವಿ, ಅವಳ ಅಮ್ಮ ಚಿಕ್ಕವಳಿದ್ದಾಗ ಮಾಡಿದ ತುಂಟಾಟ. ಅವಳ ಎಲೆಯ ಪಕ್ಕದ ಎಲೆ ನಿಮ್ಮದಾಗಿರಲಿ. ಅವಳು ನಿಧಾನ ಉಣ್ಣುತ್ತಾಳೆ, ಎಲ್ಲರೂ ಎದ್ದು ಹೋದ ಮೇಲೂ ನೀವು ಕೂತಿರಿ. ಊಟವಾದ ಮೇಲೆ ಕೈ ತೊಳೆಯಲು ಇಬ್ಬರೂ ಒಟ್ಟಿಗೆ ಏಳಿ. ಆಮೇಲೆ ಅವಳನ್ನು ಪಡಸಾಲೆಗೆ ಕರೆದು, ಕಣ್ಣು ಮಂದ ಎಂದಿರಲ್ಲ, ಹೊಸ ಪಂಚಾಂಗ ಅವಳ ಕೈಗೆ ಕೊಟ್ಟು ವರ್ಷಫಲ ಓದಿಸಿ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ರಾಶಿಯದ್ದೂ ಓದಿಸಿ, ಒಂದು ಗಂಟೆ ಆಗುತ್ತದೆ.